ಅಂಗಡಿಗೂ ಒಂದು ಮುಖ: ಲಂಡನ್ನಿನ ವೋಬರ್ನ್ ವಾಕ್ ಮತ್ತು ರೀಜೆನ್ಸಿ ಕಾಲದ ಅಂಗಡಿ ಸಾಲು



ಕಟ್ಟಡಗಳ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು, ಅದು ಕನ್ನಡದಲ್ಲೇ ನಡೆಯಬೇಕು ಎಂಬ ಆಶಯದಿಂದ ಈ ದತ್ತಿಯನ್ನಿಟ್ಟವರಿಗೆ ಮೊದಲು ನನ್ನ ಕೃತಜ್ಞತೆ ಸಲ್ಲಬೇಕು. ವಾಸ್ತುಶಿಲ್ಪದ ಇತಿಹಾಸ ಎಂದೊಡನೆ ನಮ್ಮ ಮನಸ್ಸು ಅರಮನೆ, ಕೋಟೆ, ದೇವಾಲಯಗಳ ಕಡೆಗೆ ಓಡುತ್ತದೆ. ಇಂಗ್ಲೆಂಡಿನ ವಾಸ್ತುಶಿಲ್ಪ ಎಂದರೂ ಹಾಗೆಯೇ; ಸೇಂಟ್ ಪಾಲ್ಸ್ ಚರ್ಚು, ಪಾರ್ಲಿಮೆಂಟ್ ಭವನ, ಬಕಿಂಗ್‌ಹ್ಯಾಮ್ ಅರಮನೆ ಕಣ್ಣ ಮುಂದೆ ಬರುತ್ತವೆ. ಇಂದು ನಾನು ಆರಿಸಿಕೊಂಡಿರುವುದು ಲಂಡನ್ನಿನ ಬ್ಲೂಮ್ಸ್‌ಬರಿ ಭಾಗದ ಒಂದು ಚಿಕ್ಕ ಓಣಿ. ಅದರ ಎರಡೂ ಬದಿಗೆ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಮೂರಂತಸ್ತಿನ ಸಾಲುಕಟ್ಟಡಗಳಿವೆ. ಓಣಿಯ ಹೆಸರು ವೋಬರ್ನ್ ವಾಕ್, ಕಟ್ಟಿದ ವರ್ಷ 1822.

ಇಷ್ಟು ಚಿಕ್ಕ ವಿಷಯಕ್ಕೆ ಇಡೀ ಉಪನ್ಯಾಸವೇ ಎಂದು ನೀವು ಕೇಳಬಹುದು. ನನ್ನ ನಂಬಿಕೆ ಇದು: ರಾಜನಿಗೆ, ದೇವರಿಗೆ ಚೆನ್ನಾಗಿ ಕಟ್ಟುವುದು ಎಲ್ಲ ನಾಗರಿಕತೆಗಳಿಗೂ ಗೊತ್ತಿದೆ. ದಿನಸಿ ಮಾರುವವನಿಗೆ, ಟೋಪಿ ಹೊಲಿಯುವವಳಿಗೆ, ಪುಸ್ತಕದ ವ್ಯಾಪಾರಿಗೆ ಎಂಥ ಮುಖ ಕಟ್ಟಿಕೊಡುತ್ತದೆ ಎನ್ನುವುದರಲ್ಲಿ ಒಂದು ನಗರದ ನಿಜವಾದ ಗುಣ ಕಾಣಿಸುತ್ತದೆ. ವೋಬರ್ನ್ ವಾಕ್‌ನ ಅಂಗಡಿ ಸಾಲು ಆ ಪರೀಕ್ಷೆಯಲ್ಲಿ ಗೆದ್ದ ಕಟ್ಟಡ. ಅದರ ಒಂದೊಂದು ಅಂಗವನ್ನೂ ಬಿಡಿಸಿ ನೋಡುತ್ತ, ಆ ಗೆಲುವು ಹೇಗೆ ಸಾಧ್ಯವಾಯಿತೆಂದು ತೋರಿಸುವುದು ಈ ಉಪನ್ಯಾಸದ ಉದ್ದೇಶ.

ಓಣಿ ಮತ್ತು ಅದರ ಕಾಲ

ಮೂರನೆಯ ಜಾರ್ಜ್ ದೊರೆ ಮನೋವ್ಯಾಧಿಯಿಂದ ಆಳುವ ಸ್ಥಿತಿಯಲ್ಲಿ ಇಲ್ಲದಿದ್ದಾಗ ಅವನ ಮಗ 1811ರಿಂದ 1820ರವರೆಗೆ ರೀಜೆಂಟನಾಗಿ ರಾಜ್ಯ ನಡೆಸಿದ. ರಾಜಕೀಯ ಇತಿಹಾಸದಲ್ಲಿ ರೀಜೆನ್ಸಿ ಎಂದರೆ ಈ ಒಂಬತ್ತು ವರ್ಷ ಮಾತ್ರ. ವಾಸ್ತುಶಿಲ್ಪದ ಇತಿಹಾಸಕಾರರು ಆ ಹೆಸರನ್ನು ಸ್ವಲ್ಪ ಹಿಗ್ಗಿಸಿ, 1830ರ ದಶಕದ ತನಕದ ಒಂದು ಶೈಲಿಗೆ ಬಳಸುತ್ತಾರೆ. ಗಾರೆ ಬಳಿದ ಗೋಡೆ, ತೆಳುವಾದ ಕಬ್ಬಿಣದ ಬಾಲ್ಕನಿ, ಹೊರಕ್ಕೆ ಬಾಗಿದ ಕಿಟಕಿ, ಗ್ರೀಕ್ ಅಲಂಕಾರ ಇವು ಆ ಶೈಲಿಯ ಗುರುತುಗಳು. ವೋಬರ್ನ್ ವಾಕ್‌ನಲ್ಲಿ ಇವು ನಾಲ್ಕೂ ಒಟ್ಟಿಗೆ ಸಿಗುತ್ತವೆ.

ಅಪ್ಪರ್ ವೋಬರ್ನ್ ಪ್ಲೇಸ್ ಎಂಬ ದೊಡ್ಡ ರಸ್ತೆಯಿಂದ ಡ್ಯೂಕ್ಸ್ ರೋಡ್ ಎಂಬ ಚಿಕ್ಕ ರಸ್ತೆಗೆ ಈ ಓಣಿ ದಾರಿ ಮಾಡಿಕೊಡುತ್ತದೆ. ಯೂಸ್ಟನ್ ರೈಲು ನಿಲ್ದಾಣದಿಂದ ಕೆಲವೇ ನಿಮಿಷಗಳ ನಡಿಗೆ. ಗಾಡಿಗಳಿಗೆ ಪ್ರವೇಶವಿಲ್ಲದ, ನಡೆದು ಬರುವವರಿಗಾಗಿಯೇ ಇರುವ ಓಣಿ ಇದು. ಕಾಲ್ನಡಿಗೆಯವರಿಗಾಗಿ ಲಂಡನ್ನಿನಲ್ಲಿ ಮೊದಲು ರೂಪುಗೊಂಡ ಅಂಗಡಿ ಬೀದಿ ಎಂದು ಇದನ್ನು ಕರೆಯುವುದುಂಟು. ಮೊದಲಿಗೆ ಇದಕ್ಕೆ ವೋಬರ್ನ್ ಬಿಲ್ಡಿಂಗ್ಸ್ ಎಂಬ ಹೆಸರಿತ್ತು. ಬ್ಲೂಮ್ಸ್‌ಬರಿಯ ಬಹುಭಾಗವನ್ನು ಬೆಳೆಸಿದ ಬೆಡ್‌ಫರ್ಡ್ ಡ್ಯೂಕರ ಹಳ್ಳಿಯ ಮಹಲು ವೋಬರ್ನ್ ಅಬ್ಬಿ. ಹೆಸರು ಬಂದದ್ದು ಅಲ್ಲಿಂದ.

ನೆಲದ ಒಡೆಯ, ಗುತ್ತಿಗೆ, ಅಂಗಡಿಗೆ ಸಿಕ್ಕ ಜಾಗ

ಆ ಕಾಲದ ಲಂಡನ್ ಬೆಳೆದ ಬಗೆ ತಿಳಿಯದೆ ಈ ಓಣಿ ಅರ್ಥವಾಗದು. ಊರಿನ ಅಂಚಿನ ಹೊಲ, ಹುಲ್ಲುಗಾವಲುಗಳೆಲ್ಲ ಕೆಲವೇ ಶ್ರೀಮಂತ ಮನೆತನಗಳ ಅಥವಾ ಸಂಸ್ಥೆಗಳ ಕೈಯಲ್ಲಿದ್ದವು. ಅವರು ನೆಲವನ್ನು ಮಾರುತ್ತಿರಲಿಲ್ಲ. ಕಟ್ಟುವವನಿಗೆ ದೀರ್ಘ ಕಾಲದ ಗುತ್ತಿಗೆಗೆ, ಸಾಮಾನ್ಯವಾಗಿ 99 ವರ್ಷಕ್ಕೆ, ಕೊಡುತ್ತಿದ್ದರು. ಕಟ್ಟಡ ಏಳುವವರೆಗೆ ಮೊದಲ ಒಂದೆರಡು ವರ್ಷ ನೆಲಬಾಡಿಗೆ ಹೆಸರಿಗಷ್ಟೇ ಇರುತ್ತಿತ್ತು. ಆಮೇಲೆ ಕಟ್ಟಿದವನು ಮನೆಗಳನ್ನು ಬಾಡಿಗೆಗೆ ಕೊಟ್ಟೋ ಗುತ್ತಿಗೆಯನ್ನು ಬೇರೆಯವರಿಗೆ ವರ್ಗಾಯಿಸಿಯೋ ಲಾಭ ಮಾಡಿಕೊಳ್ಳುತ್ತಿದ್ದ. ಗುತ್ತಿಗೆಯ ಅವಧಿ ಮುಗಿದಾಗ ನೆಲ ಮಾತ್ರವಲ್ಲ, ಅದರ ಮೇಲಿನ ಕಟ್ಟಡವೂ ಒಡೆಯನ ಮನೆತನಕ್ಕೆ ಸೇರುತ್ತಿತ್ತು. ಆದ್ದರಿಂದ ಕಟ್ಟಡ ಗಟ್ಟಿಯಾಗಿರಬೇಕು, ಒಂದೇ ಅಳತೆಯಲ್ಲಿರಬೇಕು, ಬಡಾವಣೆಯ ಮರ್ಯಾದೆ ಕೆಡಬಾರದು ಎಂದು ಒಡೆಯ ಕರಾರಿನಲ್ಲೇ ಬರೆಸುತ್ತಿದ್ದ. ಲಂಡನ್ನಿನ ಸಾಲುಮನೆಗಳ ಏಕರೂಪತೆಯ ಹಿಂದೆ ಸೌಂದರ್ಯದ ಆಸೆ ಎಷ್ಟಿತ್ತೋ ಈ ಕರಾರಿನ ಬಲವೂ ಅಷ್ಟೇ ಇತ್ತು.

ಬೆಡ್‌ಫರ್ಡ್ ಎಸ್ಟೇಟು ಈ ವಿಷಯದಲ್ಲಿ ತುಂಬ ಕಟ್ಟುನಿಟ್ಟು. ನಡುವೆ ತೋಟವಿರುವ ಚೌಕಗಳ ಸುತ್ತ ವಕೀಲರು, ವರ್ತಕರು, ವೈದ್ಯರು ವಾಸಿಸಬೇಕು. ಅಲ್ಲಿ ಅಂಗಡಿ ತಲೆ ಎತ್ತಬಾರದು. ಸಾಮಾನು ಗಾಡಿಗಳು ನುಗ್ಗದಂತೆ ಕೆಲವು ರಸ್ತೆಗಳಿಗೆ ಗೇಟು ಹಾಕಿ ಕಾವಲು ಇಟ್ಟಿದ್ದರು. ಆ ಗೇಟುಗಳು 19ನೆಯ ಶತಮಾನದ ಕೊನೆಯ ತನಕ ಇದ್ದವು. ಆದರೆ ವಕೀಲರ ಮನೆಯಲ್ಲೂ ಒಲೆ ಉರಿಯಬೇಕಲ್ಲ? ರೊಟ್ಟಿ, ಮೇಣದ ಬತ್ತಿ, ಬಟ್ಟೆ, ಔಷಧ ಎಲ್ಲವೂ ಹತ್ತಿರದಲ್ಲೇ ಸಿಗಬೇಕು. ಅದಕ್ಕಾಗಿ ಚೌಕಗಳಿಂದ ಒಂದು ತಿರುವಿನ ಆಚೆ, ಕಣ್ಣಿಗೆ ಬೀಳದ ಕಡೆ, ಅಂಗಡಿಗಳಿಗೆ ಜಾಗ ಮಾಡುವ ಪದ್ಧತಿ ಬೆಳೆಯಿತು.

ಅಂಥ ಹಿಂದಿನ ಓಣಿಯಲ್ಲಿ ಏನು ಕಟ್ಟಿದರೂ ಯಾರೂ ಕೇಳುತ್ತಿರಲಿಲ್ಲ. ಮೂರು ಗೋಡೆ, ಒಂದು ಮಾಡು, ಒಂದು ಕಿಟಕಿ ಇದ್ದರೆ ಸಾಕಿತ್ತು. ವೋಬರ್ನ್ ವಾಕ್ ಕಟ್ಟಿದವನು ಹಾಗೆ ಮಾಡಲಿಲ್ಲ. ಚೌಕದ ಮನೆಗಳಿಗೆ ಕೊಡುತ್ತಿದ್ದ ಗಾರೆ, ಬಾಲ್ಕನಿ, ಅಳತೆ, ಅಲಂಕಾರಗಳನ್ನು ಅಂಗಡಿ ಸಾಲಿಗೂ ಕೊಟ್ಟ; ಗಾತ್ರವನ್ನು ಮಾತ್ರ ಓಣಿಗೆ ತಕ್ಕಂತೆ ಇಳಿಸಿದ.

ಕಟ್ಟಿದವನು

ಅವನ ಹೆಸರು ತಾಮಸ್ ಕ್ಯೂಬಿಟ್. 1788ರಲ್ಲಿ ನಾರ್ಫೊಕ್ ಪ್ರಾಂತದಲ್ಲಿ ಬಡಗಿಯೊಬ್ಬನ ಮಗನಾಗಿ ಹುಟ್ಟಿದ. ತಾನೂ ಬಡಗಿತನ ಕಲಿತು, ಹಡಗಿನ ಬಡಗಿಯಾಗಿ ಭಾರತಕ್ಕೆ ಬಂದುಹೋದ. ಆ ಯಾನದಲ್ಲಿ ಉಳಿಸಿದ ಹಣವೇ 1810ರ ಸುಮಾರಿಗೆ ಲಂಡನ್ನಿನಲ್ಲಿ ಅವನು ಆರಂಭಿಸಿದ ವೃತ್ತಿಗೆ ಬಂಡವಾಳವಾಯಿತು. ಹಡಗಿನ ಮರಗೆಲಸದಲ್ಲಿ ಒಂದು ಅಂಗುಲವೂ ವ್ಯರ್ಥವಾಗುವಂತಿಲ್ಲ, ಒಂದು ಸಂದೂ ಸಡಿಲವಿರುವಂತಿಲ್ಲ. ವೋಬರ್ನ್ ವಾಕ್‌ನ ಅಂಗಡಿ ಮುಖಗಳು ಮರದವು ಎನ್ನುವುದನ್ನು ನೆನೆದರೆ ಈ ಹಿನ್ನೆಲೆಯ ಬೆಲೆ ತಿಳಿಯುತ್ತದೆ.

ಆ ಕಾಲದಲ್ಲಿ ಒಂದು ಮನೆ ಕಟ್ಟಬೇಕಾದರೆ ಇಟ್ಟಿಗೆಯವನು, ಬಡಗಿ, ಗಾರೆಯವನು, ಗಾಜಿನವನು, ಸೀಸದ ಕೆಲಸದವನು ಹೀಗೆ ಒಬ್ಬೊಬ್ಬರೊಡನೆ ಬೇರೆ ಬೇರೆ ಒಪ್ಪಂದ ಮಾಡಿಕೊಳ್ಳಬೇಕಿತ್ತು. ಒಬ್ಬ ತಡಮಾಡಿದರೆ ಎಲ್ಲರ ಕೆಲಸವೂ ನಿಲ್ಲುತ್ತಿತ್ತು. 1815ರಲ್ಲಿ ಲಂಡನ್ ಇನ್‌ಸ್ಟಿಟ್ಯೂಷನ್‌ನ ದೊಡ್ಡ ಕಟ್ಟಡವನ್ನು ವಹಿಸಿಕೊಂಡ ಕ್ಯೂಬಿಟ್ ಎಲ್ಲ ಕಸುಬಿನವರನ್ನೂ ಖಾಯಂ ಸಂಬಳದ ಮೇಲೆ ತನ್ನ ಬಳಿಯೇ ಇಟ್ಟುಕೊಂಡ. ಗ್ರೇಸ್ ಇನ್ ರೋಡ್‌ನಲ್ಲಿ ಕಾರ್ಯಾಗಾರ ಕಟ್ಟಿಸಿದ. ಇಡೀ ಕಟ್ಟಡದ ಹೊಣೆ ಒಬ್ಬನ ಮೇಲೆ ಬರುವ ಈ ವ್ಯವಸ್ಥೆ ಇಂದು ನಮಗೆ ಸಹಜವೆನಿಸುತ್ತದೆ. ಆಗ ಅದು ಹೊಸದು. ಸಂಬಳದವರನ್ನು ಸುಮ್ಮನೆ ಕೂರಿಸಲಾಗದು, ಅವರಿಗೆ ಸದಾ ಕೆಲಸವಿರಬೇಕು. ಹೀಗಾಗಿ ಕ್ಯೂಬಿಟ್ ಯಾರ ಆದೇಶಕ್ಕೂ ಕಾಯದೆ ತಾನೇ ನೆಲ ಗುತ್ತಿಗೆಗೆ ಹಿಡಿದು, ತನ್ನ ಅಂದಾಜಿನ ಮೇಲೆ ಮನೆ ಕಟ್ಟತೊಡಗಿದ. ವೋಬರ್ನ್ ವಾಕ್ ಈ ಆರಂಭದ ದಿನಗಳ ಫಲ. ಮುಂದೆ ಅವನು ಟ್ಯಾವಿಸ್ಟಾಕ್ ಮತ್ತು ಗಾರ್ಡನ್ ಚೌಕಗಳಲ್ಲಿ ಕಟ್ಟಿದ, ಬೆಲ್‌ಗ್ರೇವಿಯಾ ಮತ್ತು ಪಿಮ್ಲಿಕೊ ಬಡಾವಣೆಗಳನ್ನು ಎಬ್ಬಿಸಿದ, ವಿಕ್ಟೋರಿಯಾ ರಾಣಿಗೆ ಆಸ್‌ಬರ್ನ್ ಹೌಸ್ ಕಟ್ಟಿಕೊಟ್ಟ, 1855ರಲ್ಲಿ ತೀರಿಕೊಂಡ. ರಾಣಿಯ ಮನೆಗೂ ಅಂಗಡಿ ಸಾಲಿಗೂ ಹೊಣೆ ಹೊತ್ತ ಕೈ ಒಂದೇ.

ನೆಲ ಅಂತಸ್ತು: ಬಾಗಿದ ಕಿಟಕಿ

ಈಗ ಕಟ್ಟಡದ ಎದುರು ನಿಲ್ಲೋಣ. ಮೊದಲು ಕಣ್ಣು ಹೋಗುವುದು ನೆಲ ಅಂತಸ್ತಿನ ಕಿಟಕಿಗಳತ್ತ. ಅವು ಗೋಡೆಯ ಮಟ್ಟದಿಂದ ಮೆಲ್ಲಗೆ ಹೊರಕ್ಕೆ ಬಾಗಿವೆ. ತೆಳುವಾದ ಮರದ ಪಟ್ಟಿಗಳು ಅವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ವಿಂಗಡಿಸಿವೆ. ಬಿಲ್ಲಿನಂತೆ ಬಾಗಿದ ಈ ಕಿಟಕಿಗಳೇ ಓಣಿಗೆ ಲಯ ಕೊಡುತ್ತವೆ. ನಡೆಯುತ್ತ ಹೋದರೆ ಒಂದು ಬಾಗು, ಒಂದು ಬಾಗಿಲು, ಮತ್ತೊಂದು ಬಾಗು.

ಬಾಗು ಏಕೆ? ಮೊದಲ ಕಾರಣ ವ್ಯಾಪಾರ. ಇಕ್ಕಟ್ಟಾದ ಓಣಿಯಲ್ಲಿ ಗಿರಾಕಿ ಕಿಟಕಿಯನ್ನು ಎದುರಿನಿಂದ ನೋಡುವುದಕ್ಕಿಂತ ಹೆಚ್ಚಾಗಿ ಪಕ್ಕದಿಂದ, ನಡೆಯುತ್ತ ಬರುವಾಗ ನೋಡುತ್ತಾನೆ. ಚಪ್ಪಟೆ ಗಾಜು ಪಕ್ಕದಿಂದ ಬರಿಯ ಹೊಳಪಾಗಿ ಕಾಣುತ್ತದೆ. ಬಾಗಿದ ಕಿಟಕಿಯ ಒಂದು ಭಾಗ ಮಾತ್ರ ಯಾವಾಗಲೂ ಬರುವವನತ್ತ ತಿರುಗಿರುತ್ತದೆ. ಒಳಗಿನ ಸರಕು ಕೆಲವು ಹೆಜ್ಜೆ ಮೊದಲೇ ಕಾಣುತ್ತದೆ. ಎರಡನೆಯ ಕಾರಣ ಬೆಳಕು. ಹೊರಚಾಚಿದ ಕಿಟಕಿ ಓಣಿಯ ಎರಡೂ ತುದಿಗಳಿಂದ ಬರುವ ಬೆಳಕನ್ನು ಹಿಡಿದು ಒಳಗೆ ಕಳಿಸುತ್ತದೆ. ಲಂಡನ್ನಿನ ಚಳಿಗಾಲದ ಮಬ್ಬಿನಲ್ಲಿ ಇದು ಸಣ್ಣ ಲಾಭವಲ್ಲ.

ಆದರೆ ಎಷ್ಟು ಬಾಗಬಹುದು ಎನ್ನುವುದನ್ನು ಕಾನೂನು ಮೊದಲೇ ಗೆರೆ ಎಳೆದು ಹೇಳಿತ್ತು. 1774ರ ಲಂಡನ್ ಕಟ್ಟಡ ಕಾಯಿದೆ 30 ಅಡಿ ಅಥವಾ ಅದಕ್ಕಿಂತ ಅಗಲದ ಬೀದಿಯಲ್ಲಿ ಅಂಗಡಿ ಕಿಟಕಿ 10 ಅಂಗುಲಕ್ಕಿಂತ ಹೆಚ್ಚು, ಅದಕ್ಕಿಂತ ಇಕ್ಕಟ್ಟಾದ ಬೀದಿಯಲ್ಲಿ 5 ಅಂಗುಲಕ್ಕಿಂತ ಹೆಚ್ಚು ಚಾಚಬಾರದೆಂದು ವಿಧಿಸಿತು. ಅದಕ್ಕೂ ಮೊದಲು ಅಂಗಡಿಯವರು ಪೈಪೋಟಿಯಲ್ಲಿ ಕಿಟಕಿಗಳನ್ನು ಬೀದಿಗೇ ತಳ್ಳುತ್ತಿದ್ದರು. ನಡೆಯುವವರಿಗೆ ಜಾಗವೇ ಉಳಿಯುತ್ತಿರಲಿಲ್ಲ. ಕಾಯಿದೆ ಬಾಗನ್ನು ನಿಷೇಧಿಸಲಿಲ್ಲ, ಅಳತೆಗೆ ತಂದಿತು. ರೀಜೆನ್ಸಿ ಅಂಗಡಿ ಕಿಟಕಿಯ ಆ ಸೌಮ್ಯವಾದ ಬಾಗು, ಉಬ್ಬಿಯೂ ಉಬ್ಬದಂತಿರುವ ಆ ಗೆರೆ, ಅಂಗಡಿಯವನ ಆಸೆಗೂ ಬೀದಿಯ ಹಕ್ಕಿಗೂ ಆದ ರಾಜಿಯ ಗೆರೆ. ನಿಯಮ ಸೌಂದರ್ಯವನ್ನು ಕೊಲ್ಲುತ್ತದೆ ಎನ್ನುವವರಿಗೆ ಈ ಕಿಟಕಿಯನ್ನು ತೋರಿಸಬೇಕು.

ಚಿಕ್ಕ ಚೌಕಗಳಿಗೂ ಕಾರಣವಿದೆ. ಆಗಿನ ಸಾಮಾನ್ಯ ಕಿಟಕಿ ಗಾಜನ್ನು ಕೊಳವೆಯ ತುದಿಯಲ್ಲಿ ಊದಿ, ಆಮೇಲೆ ರಭಸದಿಂದ ತಿರುಗಿಸಿ ದೊಡ್ಡ ತಟ್ಟೆಯಾಗಿ ಹರಡುತ್ತಿದ್ದರು. ನಡುವೆ ದಪ್ಪನೆಯ ಗಂಟು ಉಳಿಯುತ್ತಿತ್ತು. ಅದನ್ನು ಬಿಟ್ಟು ಸುತ್ತಲಿನ ಭಾಗದಲ್ಲಿ ಕತ್ತರಿಸಬೇಕಾದ್ದರಿಂದ ದೊಡ್ಡ ಹಾಳೆ ಸಿಗುತ್ತಿರಲಿಲ್ಲ. ಜೊತೆಗೆ 18ನೆಯ ಶತಮಾನದ ನಡುಭಾಗದಿಂದ 1845ರವರೆಗೆ ಗಾಜಿನ ಮೇಲೆ ತೂಕದ ಲೆಕ್ಕದಲ್ಲಿ ಸುಂಕವಿತ್ತು. ತೆಳುವಾದ, ಚಿಕ್ಕ ಗಾಜೇ ಅಗ್ಗ. ಒಡೆದರೂ ಒಂದು ಚೌಕ ಬದಲಿಸಿದರೆ ಸಾಕು. ಇದರಲ್ಲಿ ಇನ್ನೊಂದು ಅನುಕೂಲವೂ ಇತ್ತು: ಒಂದೊಂದು ಗಾಜೂ ಚಪ್ಪಟೆಯಾಗಿದ್ದರೂ ಇಡೀ ಕಿಟಕಿ ಬಾಗಬಹುದು. ಊದಿದ ಗಾಜು ಪೂರ್ತಿ ಸಮತಟ್ಟಾಗಿರುವುದಿಲ್ಲವಾದ್ದರಿಂದ ಪ್ರತಿಯೊಂದು ಚೌಕವೂ ಆಕಾಶವನ್ನು ಸ್ವಲ್ಪ ಬೇರೆಯಾಗಿ ಪ್ರತಿಫಲಿಸುತ್ತದೆ. ಹಳೆಯ ಗಾಜು ಉಳಿದಿರುವ ಕಿಟಕಿಗೆ ಜೀವ ಬರುವುದು ಇದರಿಂದಲೇ. 1845ರಲ್ಲಿ ಸುಂಕ ಹೋಯಿತು, ದೊಡ್ಡ ಗಾಜಿನ ಹಾಳೆ ಅಗ್ಗವಾಯಿತು. ಲಂಡನ್ನಿನ ಸಾವಿರಾರು ಅಂಗಡಿಗಳು ಚಿಕ್ಕ ಚೌಕಗಳನ್ನು ಕಿತ್ತು ಒಂದೇ ಗಾಜು ಕೂರಿಸಿದವು. ಹಾಗಾಗಿಯೇ ಈ ಬಗೆಯ ಕಿಟಕಿಗಳು ಒಂದು ಸಾಲಾಗಿ ಉಳಿದ ಜಾಗಗಳು ಇಂದು ಅಪರೂಪ.

ತೊಲೆಯ ಮೇಲೆ ನಿಂತ ಗೋಡೆ

ವಿದ್ಯಾರ್ಥಿಗಳು ಇಲ್ಲಿ ವಿಶೇಷ ಗಮನ ಕೊಡಬೇಕು. ಸಾಮಾನ್ಯ ಮನೆಯಲ್ಲಿ ಮುಂಭಾಗದ ಗೋಡೆಯ ಭಾರ ಕಿಟಕಿಗಳ ನಡುವಿನ ಇಟ್ಟಿಗೆಯ ಕಂಬಗಳ ಮೂಲಕ ತಳಪಾಯಕ್ಕೆ ಇಳಿಯುತ್ತದೆ. ಅಂಗಡಿಗೆ ಬೇಕಾದದ್ದು ಇದಕ್ಕೆ ವಿರುದ್ಧ. ನೆಲ ಅಂತಸ್ತು ಪೂರ್ತಿ ತೆರೆದಿರಬೇಕು. ಹಾಗಾದರೆ ಮೇಲಿನ ಎರಡು ಅಂತಸ್ತುಗಳ ಇಟ್ಟಿಗೆ ಗೋಡೆಯನ್ನು ಹೊರುವವರು ಯಾರು?

ಉತ್ತರ, ಅಂಗಡಿಯ ಹಣೆಯಲ್ಲಿ ಅಡಗಿರುವ ದಪ್ಪನೆಯ ಮರದ ತೊಲೆ. ಎರಡು ಮನೆಗಳ ನಡುವಿನ ಜಂಟಿ ಗೋಡೆಯಿಂದ ಜಂಟಿ ಗೋಡೆಗೆ ಅಡ್ಡಲಾಗಿ ಈ ತೊಲೆ ಕೂರುತ್ತದೆ. 1774ರ ಕಾಯಿದೆ ಬೆಂಕಿ ಹರಡದಂತೆ ಜಂಟಿ ಗೋಡೆಗಳ ದಪ್ಪವನ್ನು ನಿಗದಿ ಮಾಡಿತ್ತು; ಮನೆಗಳನ್ನು ಬೆಲೆ ಮತ್ತು ವಿಸ್ತೀರ್ಣದ ಮೇಲೆ ನಾಲ್ಕು ದರ್ಜೆಗಳಾಗಿ ವಿಂಗಡಿಸಿ ದರ್ಜೆಗೊಂದು ಅಳತೆ ಕೊಟ್ಟಿತ್ತು. ಬೆಂಕಿಗೆಂದು ದಪ್ಪವಾದ ಗೋಡೆ ತೊಲೆಗೂ ಒಳ್ಳೆಯ ಆಸರೆಯಾಯಿತು. ಇದರ ಪರಿಣಾಮವೆಂದರೆ ಕೆಳಗಿನ ಅಂಗಡಿ ಮುಖ ಕಟ್ಟಡದ ಭಾರ ಹೊರುವುದೇ ಇಲ್ಲ. ಅದು ಬಡಗಿ ತನ್ನ ಅಂಗಳದಲ್ಲಿ ಮಾಡಿ ತಂದು ಕೂರಿಸಿದ ಮರಗೆಲಸ. ಹೀಗಾಗಿಯೇ ಅದು ಅಷ್ಟು ತೆಳುವಾಗಿ, ಹಗುರವಾಗಿ, ಬಾಗಿ ನಿಲ್ಲಬಲ್ಲದು.

ಈ ಮರಗೆಲಸಕ್ಕೊಂದು ವ್ಯಾಕರಣವಿದೆ. ಕೆಳಗೆ, ಕಾಲಿನ ಒದೆತಕ್ಕೂ ಕೆಸರಿಗೂ ತಡೆಯಾಗಿ ಮೊಣಕಾಲೆತ್ತರದ ಹಲಗೆಯ ಪೀಠ. ಅದರ ಮೇಲೆ ಕಿಟಕಿ. ಎರಡು ಬದಿಗೆ ಚಪ್ಪಟೆಯಾದ ಅರೆಗಂಬಗಳು. ಅವುಗಳ ಮೇಲೆ ಉದ್ದಕ್ಕೂ ಹಲಗೆಯ ಪಟ್ಟಿ. ಅಂಗಡಿಯವನ ಹೆಸರು ಬರೆಯುವುದು ಅಲ್ಲಿಯೇ. ಎಲ್ಲಕ್ಕೂ ಮೇಲೆ ಮಳೆನೀರನ್ನು ಹೊರಕ್ಕೆ ಬೀಳಿಸುವ ಕಾರ್ನಿಸ್. ಪೀಠ, ಕಂಬ, ಪಟ್ಟಿ, ಕಾರ್ನಿಸ್ ಇವು ಗ್ರೀಕ್ ದೇವಾಲಯದ ಮುಂಭಾಗದ ಅಂಗಗಳೇ. ಹೆಸರಿನ ಪಟ್ಟಿ ತೊಲೆಯನ್ನು ಮುಚ್ಚುತ್ತದೆ, ಕಾರ್ನಿಸ್ ಕಿಟಕಿಯ ಮರವನ್ನು ಮಳೆಯಿಂದ ಕಾಯುತ್ತದೆ. ಅಲಂಕಾರವೆಂದು ನಾವು ಕರೆಯುವ ಒಂದೊಂದಕ್ಕೂ ಕೆಲಸವಿದೆ. ಫಲಕ ಎಲ್ಲಿರಬೇಕು, ಎಷ್ಟು ಎತ್ತರವಿರಬೇಕು ಎಂಬುದನ್ನು ಕಟ್ಟಡವೇ ತೀರ್ಮಾನಿಸಿರುವುದರಿಂದ ಅಂಗಡಿಗಳು ಕೈಬದಲಾದರೂ ಸಾಲಿನ ಮುಖ ಕೆಡುವುದಿಲ್ಲ.

ರಾತ್ರಿ ಕಿಟಕಿಯ ಮುಂದೆ ಮರದ ಹಲಗೆಗಳನ್ನು ಒಂದೊಂದಾಗಿ ನಿಲ್ಲಿಸಿ, ಅಡ್ಡಲಾಗಿ ಕಬ್ಬಿಣದ ಪಟ್ಟಿ ಬಿಗಿಯುವುದು ಆ ಕಾಲದ ರೂಢಿ. ನಮ್ಮ ಹಳೆಯ ಪೇಟೆಗಳಲ್ಲಿ ಅಂಕಿ ಬರೆದ ಹಲಗೆಗಳನ್ನು ತೋಡಿನಲ್ಲಿ ಜಾರಿಸಿ ಅಂಗಡಿ ಮುಚ್ಚುತ್ತಿದ್ದುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಇಂಥ ಸಾಲುಗಳಲ್ಲಿ ಅಂಗಡಿಯ ಬಾಗಿಲು ಬೇರೆ, ಮೇಲಿನ ಮನೆಗೆ ಹೋಗುವ ಬಾಗಿಲು ಬೇರೆ ಇರುವುದನ್ನೂ ಗಮನಿಸಬೇಕು. ಮೇಲಿನ ಮನೆಯವರು ಅಂಗಡಿಯ ಒಳಗಿಂದ ಹಾದುಹೋಗಬೇಕಿಲ್ಲ. ಒಂದೇ ಕಟ್ಟಡದಲ್ಲಿ ಎರಡು ಸಂಸಾರ, ಎರಡು ಬಾಡಿಗೆ ಸಾಧ್ಯವಾದದ್ದು ಈ ಎರಡನೆಯ ಬಾಗಿಲಿನಿಂದ.

ಗಾರೆ, ಕಬ್ಬಿಣ, ಮರೆಯಾದ ಮಾಡು

ಈಗ ಕತ್ತೆತ್ತಿ ನೋಡೋಣ. ಮೇಲಿನ ಎರಡು ಅಂತಸ್ತುಗಳ ಮೈ ಗಾರೆಯದು. ಒಳಗಿರುವುದು ಇಟ್ಟಿಗೆ, 1784ರಿಂದ 1850ರ ತನಕ ಇಟ್ಟಿಗೆಗೂ ಸುಂಕವಿತ್ತು. ಕಲ್ಲಿನ ಮುಖ ಕೊಡುವಷ್ಟು ಹಣ ಸಾಮಾನ್ಯ ಕಟ್ಟಡಗಳಲ್ಲಿ ಇರುತ್ತಿರಲಿಲ್ಲ. ಲಂಡನ್ನಿಗೆ ಕಟ್ಟಡದ ಕಲ್ಲನ್ನು ದೂರದಿಂದ ತರಬೇಕು, ಸಾಗಣೆ ದುಬಾರಿ. 1796ರಲ್ಲಿ ಜೇಮ್ಸ್ ಪಾರ್ಕರ್ ಎಂಬಾತ ಒಂದು ಬಗೆಯ ಜೇಡಿ ಬೆರೆತ ಸುಣ್ಣದ ಗುಂಡುಗಳನ್ನು ಸುಟ್ಟು ಪುಡಿಮಾಡಿ ಬೇಗ ಗಟ್ಟಿಯಾಗುವ ಸಿಮೆಂಟಿಗೆ ಪೇಟೆಂಟ್ ಪಡೆದ. ಅದಕ್ಕೆ ರೋಮನ್ ಸಿಮೆಂಟ್ ಎಂದು ಹೆಸರಾಯಿತು. ಮಳೆಗೆ ಕರಗದ ಈ ಗಾರೆ ಬಂದ ಮೇಲೆ ಗೋಡೆಗೆ ಬಳಿದು, ಕಲ್ಲಿನ ಸಂದುಗಳಂತೆ ಗೆರೆ ಎಳೆದು, ಕಲ್ಲಿನ ಬಣ್ಣ ಬಳಿಯುವುದು ವಾಡಿಕೆಯಾಯಿತು. ಇಂದು ನಾವು ನೋಡುವ ಹೊಳೆಯುವ ಬಿಳಿ ಬಣ್ಣ ಬಹುಮಟ್ಟಿಗೆ ಆಮೇಲಿನದು. ರೀಜೆನ್ಸಿಯವರ ಮನಸ್ಸಿನಲ್ಲಿದ್ದದ್ದು ಬಾತ್ ಊರಿನ ಜೇನುಬಣ್ಣದ ಕಲ್ಲು.

ಇದನ್ನು ಮೋಸವೆಂದು ಮುಂದಿನ ತಲೆಮಾರಿನ ವಿಮರ್ಶಕರು ಜರೆದರು. ಇಟ್ಟಿಗೆಗೆ ಕಲ್ಲಿನ ವೇಷ ಹಾಕುವುದು ಸುಳ್ಳು ಎಂಬುದು ಅವರ ವಾದ. ನಾನು ಇದನ್ನು ಒಪ್ಪುವುದಿಲ್ಲ. ಗಾರೆ ಇಟ್ಟಿಗೆಯನ್ನು ಮಳೆಯಿಂದ ಕಾಪಾಡುತ್ತದೆ, ಇಕ್ಕಟ್ಟಿನ ಓಣಿಯಲ್ಲಿ ಬೆಳಕನ್ನು ಎದುರು ಮನೆಗೆ ಹಿಂತಿರುಗಿಸುತ್ತದೆ, ಬೇರೆ ಬೇರೆ ಮನೆಗಳನ್ನು ಒಂದೇ ಮುಖವಾಗಿ ಬೆಸೆಯುತ್ತದೆ. ಹಣವಿಲ್ಲದ ಕಟ್ಟಡಕ್ಕೆ ಘನತೆ ಕೊಡುವ ಸಾಧನ ಅದು. ಅರಮನೆಗೆ ಮೀಸಲಾಗಿದ್ದ ನೋಟ ಗಾರೆಯಿಂದಾಗಿ ಅಂಗಡಿಯವನ ಕೈಗೆಟುಕಿತು.

ಮೊದಲ ಅಂತಸ್ತಿನ ಕಿಟಕಿಗಳ ಮುಂದೆ ಎರಕದ ಕಬ್ಬಿಣದ ಬಾಲ್ಕನಿಗಳಿವೆ. ಬಡಿದು ಮಾಡುವ ಕಬ್ಬಿಣದಲ್ಲಿ ಒಂದೊಂದು ಬಳ್ಳಿಗೂ ಕಮ್ಮಾರನ ದಿನ ಬೇಕು. ಎರಕದಲ್ಲಿ ಒಮ್ಮೆ ಅಚ್ಚು ಮಾಡಿದರೆ ಎಷ್ಟು ಬೇಕಾದರೂ ತೆಗೆಯಬಹುದು. ಎಲ್ಲ ಮನೆಗಳಿಗೂ ಒಂದೇ ವಿನ್ಯಾಸ ಎಂಬ ಸಾಲುಕಟ್ಟಡದ ನಿಯಮಕ್ಕೆ ಇದು ಹೇಳಿಮಾಡಿಸಿದಂತಿತ್ತು. 1820ರ ದಶಕದಲ್ಲಿ ಕಬ್ಬಿಣದ ವಿನ್ಯಾಸಗಳ ಮಾದರಿ ಪುಸ್ತಕಗಳೂ ಬಂದವು. ಅಂಗಡಿ ಮುಖಗಳಿಗೂ ಅಂಥವೇ ಇದ್ದವು, 1828ರಲ್ಲಿ ಜೆ. ಯಂಗ್ ಅವರ ಸಂಗ್ರಹ, 1840ರಲ್ಲಿ ನಥಾನಿಯಲ್ ವಿಟಾಕ್ ಅವರ ಪುಸ್ತಕ ಪ್ರಕಟವಾದವು. ಅಂಗಡಿಯ ಮುಖ ಪುಸ್ತಕ ಬರೆಯುವಷ್ಟು ಗಂಭೀರ ವಿಷಯವೆಂದು ಆ ಕಾಲ ಭಾವಿಸಿತ್ತು.

ಕಿಟಕಿಗಳು ಮೇಲೆ ಕೆಳಗೆ ಜಾರುವ ಬಗೆಯವು. ಹಿಂದೆ ಕಿಟಕಿಯ ಮರದ ಚೌಕಟ್ಟು ಗೋಡೆಯ ಹೊರಮೈಗೆ ಸಮನಾಗಿರುತ್ತಿತ್ತು. ಬೆಂಕಿ ಬಿದ್ದರೆ ಒಂದರಿಂದ ಒಂದಕ್ಕೆ ಹಾರುತ್ತಿತ್ತು. 1709ರ ಕಾಯಿದೆ ಚೌಕಟ್ಟನ್ನು 4 ಅಂಗುಲ ಒಳಕ್ಕೆ ತಳ್ಳಿತು. 1774ರ ಕಾಯಿದೆ ಚೌಕಟ್ಟಿನ ಪೆಟ್ಟಿಗೆಯನ್ನು ಇಟ್ಟಿಗೆಯ ಹಿಂದೆ ಮರೆಮಾಡಿಸಿತು. ಕಿಟಕಿ ತೆಳುವಾಗಿ ಕಾಣುವುದೂ ಅದರ ಸುತ್ತ ಅಚ್ಚುಕಟ್ಟಾದ ನೆರಳು ಬೀಳುವುದೂ ಈ ಬೆಂಕಿಯ ಭಯದಿಂದ.

ಎಲ್ಲಕ್ಕೂ ಮೇಲೆ ಮಾಡು ಕಾಣದಂತೆ ಎದ್ದ ಅಡ್ಡಗೋಡೆ. ಆ ಕಾಲದ ಲಂಡನ್ ಸಾಲುಮನೆಗಳಲ್ಲಿ ಮಾಡು ಎರಡು ಜಂಟಿ ಗೋಡೆಗಳಿಂದ ನಡುವಿಗೆ ಇಳಿಯುತ್ತಿದ್ದುದು ಸಾಮಾನ್ಯ. ನಡುವಿನ ಸೀಸದ ಕಾಲುವೆ ನೀರನ್ನು ಹಿಂಬದಿಗೆ ಒಯ್ಯುತ್ತಿತ್ತು. ವೇಲ್ಸಿನ ಗಣಿಗಳ ತೆಳುವಾದ ಸ್ಲೇಟು ಬಂದಿದ್ದರಿಂದ ಅಷ್ಟು ತಗ್ಗಾದ ಇಳಿಜಾರು ಸಾಧ್ಯವಾಯಿತು. ಬೀದಿಯಿಂದ ನೋಡುವವನಿಗೆ ಇದಾವುದೂ ಕಾಣದು. ಕಾಣುವುದು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಸಾಗಿದ ಒಂದು ನೇರ ಗೆರೆ. ಕೆಳಗೆ ಬಾಗಿದ ಗೆರೆಗಳು, ಮೇಲೆ ನೇರ ಗೆರೆ. ಕೆಳಗೆ ಒಂದೊಂದು ಅಂಗಡಿಯ ಸ್ವಂತಿಕೆ, ಮೇಲೆ ಸಾಲಿನ ಒಗ್ಗಟ್ಟು. ಇಡೀ ರಚನೆಯ ತತ್ವವೇ ಇದು.

ಅಥೆನ್ಸಿನ ಪ್ರಭಾವ

ಓಣಿ ಮುಗಿಯುವ ಡ್ಯೂಕ್ಸ್ ರೋಡ್‌ನ ಎದುರಿಗೇ ಸೇಂಟ್ ಪ್ಯಾಂಕ್ರಸ್ ಹೊಸ ಚರ್ಚ್ ಇದೆ. 1819ರಿಂದ 1822ರವರೆಗೆ ವಿಲಿಯಂ ಇನ್‌ವುಡ್ ಮತ್ತು ಅವನ ಮಗ ಹೆನ್ರಿ ಅದನ್ನು ರಚಿಸಿದರು. ಅಥೆನ್ಸಿನ ಎರೆಕ್ಥಿಯಾನ್ ದೇವಾಲಯದಲ್ಲಿ ತಲೆಯ ಮೇಲೆ ಮಾಡು ಹೊತ್ತು ನಿಂತ ಸ್ತ್ರೀಮೂರ್ತಿಗಳ ಪ್ರತಿರೂಪಗಳು ಇಲ್ಲಿ ಚರ್ಚಿನ ಎರಡು ಪಕ್ಕಗಳಲ್ಲಿ ನಿಂತಿವೆ. ಚರ್ಚೂ ಅಂಗಡಿ ಸಾಲೂ ಒಂದೇ ಕಾಲದ ಕೂಸುಗಳು.

ಆ ವರ್ಷಗಳಲ್ಲಿ ಲಂಡನ್ನಿಗೆ ಗ್ರೀಸಿನ ಗುಂಗು ಹಿಡಿದಿತ್ತು. ಸ್ಟುಅರ್ಟ್ ಮತ್ತು ರೆವೆಟ್ ಅಥೆನ್ಸಿನ ಕಟ್ಟಡಗಳನ್ನು ಅಳೆದು ಬರೆದ ಪುಸ್ತಕದ ಮೊದಲ ಸಂಪುಟ 1762ರಲ್ಲಿ ಬಂದಿತ್ತು. ಎಲ್ಗಿನ್ ಪ್ರಭು ಪಾರ್ಥೆನಾನ್‌ನಿಂದ ಕಿತ್ತು ತಂದ ಶಿಲ್ಪಗಳನ್ನು 1816ರಲ್ಲಿ ಸರ್ಕಾರ 35,000 ಪೌಂಡಿಗೆ ಕೊಂಡು ಬ್ರಿಟಿಷ್ ಮ್ಯೂಸಿಯಂನಲ್ಲಿ ಇಟ್ಟಿತು. ಆ ಶಿಲ್ಪಗಳಿಗಾಗಿ ಗ್ರೀಸ್ ಇಂದಿಗೂ ಕೇಳುತ್ತಿದೆ. ಮ್ಯೂಸಿಯಂ ಇರುವುದೂ ಬ್ಲೂಮ್ಸ್‌ಬರಿಯಲ್ಲೇ. ಹೀಗೆ ಬಂದ ಗ್ರೀಕ್ ಹೂಬಳ್ಳಿ, ಬೀಸಣಿಗೆಯಂತೆ ಎಸಳು ಬಿಚ್ಚಿದ ಆ ವಿನ್ಯಾಸ, ಮೊದಲು ಸಾರ್ವಜನಿಕ ಭವನಗಳಿಗೆ, ಆಮೇಲೆ ಶ್ರೀಮಂತರ ಮನೆಗಳಿಗೆ, ಕೊನೆಗೆ ಬಾಲ್ಕನಿಯ ಕಬ್ಬಿಣಕ್ಕೂ ಅಂಗಡಿಯ ಹಲಗೆಗೂ ಇಳಿಯಿತು. ವೋಬರ್ನ್ ವಾಕ್ ಆ ಇಳಿತದ ಕೊನೆಯ ಮೆಟ್ಟಿಲು. ನಾನು ಅದನ್ನು ಅತ್ಯಂತ ಒಳ್ಳೆಯ ಮೆಟ್ಟಿಲು ಎನ್ನುತ್ತೇನೆ. ಕಲೆ ಜನಸಾಮಾನ್ಯರ ಕಣ್ಣಿಗೆ ದಿನವೂ ಬೀಳಬೇಕಾದರೆ ಅದು ರೊಟ್ಟಿ ಕೊಳ್ಳುವ ಜಾಗಕ್ಕೆ ಬರಲೇಬೇಕು.

ಅಂಗಡಿಯ ಮೇಲೆ ಬಾಳಿದವರು

ಕೆಳಗೆ ವ್ಯಾಪಾರ, ಮೇಲೆ ವಾಸ ಎಂಬ ಏರ್ಪಾಡು ಬೀದಿಯನ್ನು ಹಗಲು ರಾತ್ರಿ ಜೀವಂತವಾಗಿಡುತ್ತದೆ. ಅಂಗಡಿ ಮುಚ್ಚಿದ ಮೇಲೂ ಮೇಲಿನ ಕಿಟಕಿಯಲ್ಲಿ ದೀಪವಿರುತ್ತದೆ. ಬಾಡಿಗೆ ಕಡಿಮೆಯಾದ್ದರಿಂದ ಇಂಥ ಮನೆಗಳು ಕೈಯಲ್ಲಿ ಹಣವಿಲ್ಲದ ಬರಹಗಾರರಿಗೆ, ಕಲಾವಿದರಿಗೆ ಒದಗಿಬಂದವು. ಈಗಿನ 5ನೆಯ ನಂಬರಿನ, ಆಗ 18ನೆಯ ನಂಬರಿನ ಮನೆಯಲ್ಲಿ ಐರಿಷ್ ಕವಿ ಡಬ್ಲ್ಯು. ಬಿ. ಯೇಟ್ಸ್ 1895ರಿಂದ 1919ರವರೆಗೆ ವಾಸವಾಗಿದ್ದರೆಂದು ಅಲ್ಲಿನ ಫಲಕ ಹೇಳುತ್ತದೆ. ಸೋಮವಾರದ ಸಂಜೆಗಳಲ್ಲಿ ಅವರ ಕೋಣೆಯಲ್ಲಿ ಲೇಖಕರು ಸೇರುತ್ತಿದ್ದರು. ಯೇಟ್ಸ್ ಈ ಮನೆಯ ಬಾಡಿಗೆದಾರರಾಗಿದ್ದ ವರ್ಷಗಳಲ್ಲೇ, 1912ರಲ್ಲಿ, ರವೀಂದ್ರನಾಥ ಠಾಕೂರರ ಇಂಗ್ಲಿಷ್ ಗೀತಾಂಜಲಿಗೆ ಮುನ್ನುಡಿ ಬರೆದರು. ಮರುವರ್ಷ ಠಾಕೂರರಿಗೆ ನೊಬೆಲ್ ಬಂತು. ಕಾದಂಬರಿಕಾರ್ತಿ ಡೊರೊತಿ ರಿಚರ್ಡ್‌ಸನ್ ಕೂಡ ಇದೇ ಓಣಿಯಲ್ಲಿ ಕೆಲಕಾಲ ಇದ್ದರು. ಇಂದು ಓಣಿಯಿಂದ ಸ್ವಲ್ಪ ದೂರ ನಡೆದರೆ ಟ್ಯಾವಿಸ್ಟಾಕ್ ಚೌಕದಲ್ಲಿ 1968ರಲ್ಲಿ ಸ್ಥಾಪಿಸಿದ ಗಾಂಧೀಜಿಯ ಪ್ರತಿಮೆ, ಗಾರ್ಡನ್ ಚೌಕದಲ್ಲಿ 2011ರಲ್ಲಿ ಬಂದ ಠಾಕೂರರ ಪ್ರತಿಮೆ ಸಿಗುತ್ತವೆ.

ರೀಜೆಂಟ್ ಸ್ಟ್ರೀಟ್ ಹೋಯಿತು, ಓಣಿ ಉಳಿಯಿತು

ರೀಜೆನ್ಸಿ ಕಾಲದ ಅಂಗಡಿ ಸಾಲುಗಳಲ್ಲಿ ಅತ್ಯಂತ ಭವ್ಯವಾದದ್ದು ಜಾನ್ ನ್ಯಾಶ್ ರೂಪಿಸಿದ ರೀಜೆಂಟ್ ಸ್ಟ್ರೀಟ್. 1813ರ ಶಾಸನದಿಂದ ಹುಟ್ಟಿದ ಆ ಬೀದಿಯ ತಿರುವಿನಲ್ಲಿ, ಕ್ವಾಡ್ರಂಟ್ ಎಂಬ ಭಾಗದಲ್ಲಿ, ಮಳೆಯಲ್ಲೂ ನಡೆದಾಡಲು ಎರಕದ ಕಬ್ಬಿಣದ ಕಂಬಸಾಲುಗಳಿದ್ದವು. ಅಂಗಡಿಗಳಿಗೆ ಕತ್ತಲಾಗುತ್ತದೆ, ಬೇಡದವರು ನಿಲ್ಲುತ್ತಾರೆ ಎಂಬ ದೂರುಗಳಿಂದ 1848ರಲ್ಲಿ ಕಂಬಗಳನ್ನು ತೆಗೆದರು. ಮುಂದೆ ಗುತ್ತಿಗೆಗಳು ಮುಗಿಯುತ್ತ ಬಂದವು. ನೆಲ ಸರ್ಕಾರದ್ದು, ಬಾಡಿಗೆ ಏರುತ್ತಿತ್ತು, ದೊಡ್ಡ ಮಳಿಗೆಗಳಿಗೆ ಹಳೆಯ ಚಿಕ್ಕ ಅಂಗಡಿಗಳು ಸಾಲುತ್ತಿರಲಿಲ್ಲ. 1927ರ ಹೊತ್ತಿಗೆ ಇಡೀ ಬೀದಿ ಹೊಸದಾಗಿತ್ತು. ನ್ಯಾಶ್‌ನ ಕೆಲಸವಾಗಿ ಅದರ ಉತ್ತರ ತುದಿಯ ಆಲ್ ಸೋಲ್ಸ್ ಚರ್ಚು ಮಾತ್ರ ಉಳಿಯಿತು.

ರಾಜನ ಹೆಸರಿನ ಬೀದಿ ಹೋಗಿ ಹಿತ್ತಲಿನ ಓಣಿ ಉಳಿದದ್ದೇಕೆ? ಓಣಿ ಚಿಕ್ಕದು, ಅದರ ಜಾಗಕ್ಕೆ ದೊಡ್ಡ ಬಂಡವಾಳ ಕಣ್ಣು ಹಾಕಲಿಲ್ಲ. ಅದಷ್ಟೇ ಆಗಿದ್ದರೆ ಅದೃಷ್ಟವೆಂದು ಸುಮ್ಮನಾಗಬಹುದಿತ್ತು. ಇನ್ನೊಂದು ಕಾರಣ ರಚನೆಯಲ್ಲೇ ಇದೆ. ಚಿಕ್ಕ ಅಂಗಡಿ, ಮೇಲೆ ಚಿಕ್ಕ ಮನೆ, ಬೇರೆ ಬಾಗಿಲು, ಫಲಕಕ್ಕೆ ನಿಗದಿಯಾದ ಜಾಗ ಇರುವ ಕಟ್ಟಡ ಬಳಕೆ ಬದಲಾದರೂ ಒಗ್ಗುತ್ತದೆ. ನೂರು ವರ್ಷದ ಹಿಂದಿನ ವ್ಯಾಪಾರ ಇಂದಿಲ್ಲ. ಇಂದು ಅಲ್ಲಿ ಕಾಫಿ, ಊಟದ ಹೋಟೆಲುಗಳಿವೆ. ಕಿಟಕಿ ಮಾತ್ರ ತನ್ನ ಕೆಲಸ ಮಾಡುತ್ತಲೇ ಇದೆ.

ಉಳಿಸುವ ಬಗೆ

1947ರ ನಗರ ಯೋಜನಾ ಕಾಯಿದೆಯ ನಂತರ ಇಂಗ್ಲೆಂಡಿನಲ್ಲಿ ಐತಿಹಾಸಿಕ ಕಟ್ಟಡಗಳನ್ನು ಪಟ್ಟಿಮಾಡುವ ಪದ್ಧತಿ ಗಟ್ಟಿಯಾಯಿತು. ವೋಬರ್ನ್ ವಾಕ್‌ನ ಸಾಲುಗಳು ಎರಡನೆಯ ದರ್ಜೆಯಲ್ಲಿ ನಕ್ಷತ್ರದ ಗುರುತಿರುವ ವಿಶೇಷ ವರ್ಗಕ್ಕೆ ಸೇರಿವೆ. ಅನುಮತಿಯಿಲ್ಲದೆ ಅವುಗಳ ಸ್ವರೂಪ ಬದಲಿಸುವಂತಿಲ್ಲ. ಆದರೆ ಕಾಗದದ ರಕ್ಷಣೆ ಸಾಲದು. ಕಟ್ಟಡವನ್ನು ಅರಿತ ಕೈ ಬೇಕು. ಹೆಸರಿನ ಪಟ್ಟಿಯ ಹಿಂದೆ ನೀರು ಇಳಿದರೆ ತೊಲೆ ಕುಂಬಾಗುತ್ತದೆ. ತೊಲೆ ಬಾಗಿದರೆ ಮೇಲಿನ ಗೋಡೆ ಬಿರಿಯುತ್ತದೆ. ಹಾಗಾಗಿ ಕಾರ್ನಿಸ್ಸಿನ ಮೇಲಿನ ಸೀಸದ ಹೊದಿಕೆಯನ್ನು ನೋಡಿಕೊಳ್ಳುವುದು ಇಡೀ ಕಟ್ಟಡವನ್ನು ನೋಡಿಕೊಂಡಂತೆ. ಹಳೆಯ ಗಾರೆಗೆ ಇಂದಿನ ಗಟ್ಟಿ ಸಿಮೆಂಟಿನ ತೇಪೆ ಹಾಕಿದರೆ, ಉಸಿರಾಡದ ಬಣ್ಣ ಬಳಿದರೆ, ಒಳಗೆ ಸೇರಿದ ತೇವ ಹೊರಬರಲಾರದೆ ಇಟ್ಟಿಗೆಯನ್ನೇ ತಿನ್ನುತ್ತದೆ. ಕಿಟಕಿಯ ಒಂದು ಪಟ್ಟಿ ಕೊಳೆತರೆ ಆ ಪಟ್ಟಿಯನ್ನಷ್ಟೇ ಬದಲಿಸಬೇಕು. ಉಳಿದ ಹಳೆಯ ಗಾಜನ್ನು ಕಾಪಾಡಬೇಕು.

ಮಿತ್ರರೇ, ಈ ಓಣಿಯ ಪಾಠವನ್ನು ಹೀಗೆ ಸಂಗ್ರಹಿಸಬಹುದು. ನೆಲದ ಒಡೆಯನಿಗೆ ತನ್ನ ಬಡಾವಣೆಯ ಮರ್ಯಾದೆ ಬೇಕಿತ್ತು, ಕಾನೂನಿಗೆ ಬೆಂಕಿಯಿಂದ ರಕ್ಷಣೆ ಮತ್ತು ನಡೆಯುವವರಿಗೆ ದಾರಿ ಬೇಕಿತ್ತು, ಸರ್ಕಾರಕ್ಕೆ ಸುಂಕ ಬೇಕಿತ್ತು, ವ್ಯಾಪಾರಿಗೆ ಗಿರಾಕಿ ಬೇಕಿತ್ತು, ಕಟ್ಟುವವನಿಗೆ ಲಾಭ ಬೇಕಿತ್ತು. ಈ ಐದೂ ಒತ್ತಡಗಳು ಸೇರಿ ಅಂಗಡಿಯನ್ನು ಕುರೂಪ ಮಾಡಬಹುದಿತ್ತು. ಕ್ಯೂಬಿಟ್ ಒಂದೊಂದು ಒತ್ತಡಕ್ಕೂ ಒಂದೊಂದು ಅಂಗದಲ್ಲಿ ಉತ್ತರ ಕೊಟ್ಟ. ಉತ್ತರಗಳನ್ನೆಲ್ಲ ಒಂದು ಮುಖವಾಗಿ ಹೊಂದಿಸಿದ. ಚಿಕ್ಕ ಕೆಲಸವೆಂದು ಅವನು ಗಮನ ತಗ್ಗಿಸಲಿಲ್ಲ. ಗಮನ ತಗ್ಗದ ಕಡೆ ಹಣದ ಕೊರತೆ ಕಟ್ಟಡವನ್ನು ಸೋಲಿಸುವುದಿಲ್ಲ.

ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ. ನೀವು ಓದುವ, ವಾಸಿಸುವ ಊರಿನಲ್ಲಿ ಒಂದು ಹಳೆಯ ಅಂಗಡಿ ಸಾಲನ್ನು ಆರಿಸಿ, ಟೇಪು ಹಿಡಿದು ಅಳೆಯಿರಿ. ಬಾಗಿಲಿನ ಅಗಲ, ಜಗಲಿಯ ಎತ್ತರ, ಮಾಡಿನ ಚಾಚು, ಫಲಕದ ಜಾಗ ಎಲ್ಲವನ್ನೂ ಬರೆದಿಡಿ. ಪ್ರತಿಯೊಂದು ಅಳತೆಯ ಮುಂದೆ ಇದು ಹೀಗೇಕಿದೆ ಎಂದು ಕೇಳಿ. ಅಂಗಡಿಯವರನ್ನೂ, ಕೆಲಸ ಬಲ್ಲ ಹಿರಿಯ ಬಡಗಿ, ಗಾರೆಯವರನ್ನೂ ಕೇಳಿ. ಆ ನಕ್ಷೆಗಳನ್ನು ಈ ವಿಭಾಗದಲ್ಲಿ ಸಂಗ್ರಹಿಸಿಟ್ಟರೆ, ಮುಂದೆ ಯಾರಾದರೂ ಅವನ್ನು ಉಳಿಸಲೋ ಹೊಸದಾಗಿ ಕಟ್ಟಲೋ ಹೊರಟಾಗ ಕೈಯಲ್ಲೊಂದು ಆಧಾರವಿರುತ್ತದೆ. ಈ ದತ್ತಿಯನ್ನಿಟ್ಟವರ ಆಶಯ ಮಾತಿನಿಂದ ಕೆಲಸಕ್ಕೆ ದಾಟುವುದು ಹಾಗೆ.